ನಿಂತಲ್ಲೇ ಕೆಡುವ ಬ್ರೇಕು

ಹಳೆಯ ಕಾರಿನ ಬ್ರೇಕು ಹೆಚ್ಚಾಗಿ ಕೆಡುವುದು ಶೆಡ್ಡಿನಲ್ಲಿ ನಿಂತಾಗ. ದಿನವೂ ಓಡುವ ಕಾರಿನಲ್ಲಿ ಲೈನರ್ ಸವೆಯುತ್ತದೆ, ಡ್ರಮ್ ಸವೆಯುತ್ತದೆ. ಸವೆದದ್ದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ, ಸಕಾಲದಲ್ಲಿ ಬದಲಾಯಿಸಬಹುದು. ಹತ್ತು ಹದಿನೈದು ವರ್ಷ ಟಾರ್ಪಾಲಿನ ಕೆಳಗೆ ಮಲಗಿದ ಕಾರಿನ ಕಥೆ ಬೇರೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತದೆ. ಆ ನೀರು ಸಿಲಿಂಡರಿನ ಒಳಗೋಡೆಯನ್ನು ತಿನ್ನುತ್ತದೆ. ಪಿಸ್ಟನ್ ತುಕ್ಕಿನಲ್ಲಿ ಕಚ್ಚಿಕೊಳ್ಳುತ್ತದೆ, ರಬ್ಬರ್ ಕಪ್ಪುಗಳು ಬಿರುಸಾಗುತ್ತವೆ, ಹೋಸುಗಳು ಒಳಗೊಳಗೇ ಊದಿ ದಾರಿ ಮುಚ್ಚುತ್ತವೆ. ಹೊರಗಿನಿಂದ ನೋಡಿದರೆ ಯಾವುದೂ ಗೊತ್ತಾಗುವುದಿಲ್ಲ. ಕಾರ್ಬ್ಯುರೇಟರ್ ತೊಳೆದು, ಹೊಸ ಬ್ಯಾಟರಿ ಹಾಕಿ, ಎಂಜಿನ್ ಚಾಲೂ ಮಾಡಿದ ಖುಷಿಯಲ್ಲಿ ಕಾರನ್ನು ಹಾಗೇ ರಸ್ತೆಗೆ ಇಳಿಸುವವರು ಬಹಳ. ಕ್ರಮ ತಲೆಕೆಳಗಾಗಿರಬೇಕು: ಚಾಲೂ ಆಗದ ಕಾರಿನಿಂದ ಯಾರಿಗೂ ಅಪಾಯವಿಲ್ಲ, ನಿಲ್ಲದ ಕಾರಿನಿಂದ ಇದೆ.

ಈ ಕೆಲಸವನ್ನು ಅರಿಯಲು ಮಾರಿಸ್ ಮೈನರ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಲೆಕ್ ಇಸಿಗೊನಿಸ್ ವಿನ್ಯಾಸ ಮಾಡಿದ ಈ ಪುಟ್ಟ ಕಾರು 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಆಕ್ಸ್‌ಫರ್ಡ್ ಬಳಿಯ ಕೌಲಿ ಕಾರ್ಖಾನೆಯಿಂದ 1970ರ ದಶಕದ ಆರಂಭದವರೆಗೂ ಬಂದ ಇದು ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರು. ಹಿಂದೂಸ್ತಾನ್ ಮೋಟರ್ಸ್ ಇದನ್ನೇ ‘ಬೇಬಿ ಹಿಂದೂಸ್ತಾನ್’ ಹೆಸರಿನಲ್ಲಿ ಭಾರತದಲ್ಲಿ ಮಾರಿತು. ಇದರ ದೊಡ್ಡಣ್ಣನಾದ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯೇ ಮುಂದೆ ಅಂಬಾಸಿಡರ್ ಆಗಿ 2014ರವರೆಗೆ ಉತ್ತರಪಾರಾದಲ್ಲಿ ತಯಾರಾಯಿತು. ಮೈನರ್‌ನ ಬ್ರೇಕನ್ನು ಅರ್ಥ ಮಾಡಿಕೊಂಡವರಿಗೆ ಹಳೆಯ ಅಂಬಾಸಿಡರ್ ಆಗಲಿ, ಫಿಯಟ್ 1100 ಆಗಲಿ ಅಪರಿಚಿತ ಅನ್ನಿಸುವುದಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ಮು, ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಆಯಿಲ್ ದಾರಿ. ವ್ಯವಸ್ಥೆ ಸರಳ, ಕ್ಷಮಿಸುವ ಗುಣ ಮಾತ್ರ ಕಡಿಮೆ.

ಡ್ರಮ್ ಬ್ರೇಕಿನ ಈಗಿನ ರೂಪಕ್ಕೆ 1902ರಲ್ಲಿ ಅಡಿಪಾಯ ಹಾಕಿದವನು ಲೂಯಿ ರೆನೊ. ಆಗೆಲ್ಲ ಕಾಲಿನ ಒತ್ತಡವನ್ನು ಚಕ್ರಕ್ಕೆ ಒಯ್ಯುತ್ತಿದ್ದುದು ಸರಳು ಮತ್ತು ಕೇಬಲ್ಲುಗಳು. ನಾಲ್ಕು ಕೇಬಲ್ಲುಗಳನ್ನು ಒಂದೇ ಬಿಗಿಗೆ ತರುವುದು ದೊಡ್ಡ ತಲೆನೋವು. ಒಂದು ಸಡಿಲಾದರೂ ಬ್ರೇಕ್ ಒತ್ತಿದಾಗ ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ದ್ರವದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲ್ ನಿಯಮವನ್ನು ಬ್ರೇಕಿಗೆ ಒಗ್ಗಿಸಿ ಈ ತೊಡಕು ಬಿಡಿಸಿದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. ಅಣ್ಣತಮ್ಮಂದಿರ ವಿಮಾನ ಕಂಪನಿಯಿಂದ ಪ್ರಸಿದ್ಧವಾದ ಅದೇ ಮನೆತನದವನು. 1921ರ ಡ್ಯೂಸನ್‌ಬರ್ಗ್ ಮಾಡೆಲ್ ಎ ಕಾರಿನ ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂತು. 1924ರಲ್ಲಿ ಕ್ರೈಸ್ಲರ್ ಇದನ್ನು ತನ್ನ ಕಾರಿಗೆ ಹಾಕಿಕೊಂಡು, ಸೋರುತ್ತಿದ್ದ ಚರ್ಮದ ಸೀಲುಗಳ ಜಾಗದಲ್ಲಿ ರಬ್ಬರ್ ಕಪ್ಪುಗಳನ್ನು ತಂದಿತು. ಇಂಗ್ಲೆಂಡಿನಲ್ಲಿ ಲಾಕ್‌ಹೀಡ್ ಬ್ರೇಕುಗಳನ್ನು ತಯಾರಿಸಿದ್ದು ಲೆಮಿಂಗ್ಟನ್ ಸ್ಪಾ ಊರಿನ ಆಟೋಮೋಟಿವ್ ಪ್ರಾಡಕ್ಟ್ಸ್. ಮಾರಿಸ್ ಮೈನರ್‌ನಲ್ಲಿರುವುದೂ ಲಾಕ್‌ಹೀಡ್ ಬ್ರೇಕೇ.

ಪೆಡಲ್ ಒತ್ತಿದಾಗ ಏನಾಗುತ್ತದೆ ಎಂಬುದನ್ನು ಒಂದು ಲೆಕ್ಕದಲ್ಲಿ ನೋಡಬಹುದು. ಕಾಲು 30 ಕಿಲೋ ಬಲ ಹಾಕಿತು, ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿತು ಎಂದಿಟ್ಟುಕೊಳ್ಳೋಣ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 150 ಕಿಲೋ ಬಿತ್ತು. ಆ ಸಿಲಿಂಡರಿನ ಒಳವ್ಯಾಸ 7/8 ಅಂಗುಲ, ಎಂದರೆ 22 ಮಿಲಿಮೀಟರಿಗಿಂತ ತುಸು ಹೆಚ್ಚು. ವಿಸ್ತೀರ್ಣ ನಾಲ್ಕು ಚದರ ಸೆಂಟಿಮೀಟರಿಗೆ ಹತ್ತಿರ. ಆಯಿಲ್‌ನಲ್ಲಿ ಹುಟ್ಟುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 39 ಕಿಲೋ. ಅದೇ ಅಳತೆಯ ಪಿಸ್ಟನ್ ಚಕ್ರದಲ್ಲಿದ್ದರೆ ಅದಕ್ಕೂ 150 ಕಿಲೋ ತಳ್ಳು ಸಿಗುತ್ತದೆ; ಅಂಥವು ಆರಿದ್ದರೆ ಆರಕ್ಕೂ ಅಷ್ಟಷ್ಟೇ. ಇದು ಪುಕ್ಕಟೆ ಬಂದ ಬಲವಲ್ಲ. ಆರು ಪಿಸ್ಟನ್ನುಗಳೂ ಸೇರಿ ಸರಿಯುವ ದೂರ ಮಾಸ್ಟರ್ ಪಿಸ್ಟನ್ ಸರಿದಷ್ಟೇ. ಹಾಗಾಗಿ ಲೈನರ್ ಹೊತ್ತ ಶೂ ಮತ್ತು ಡ್ರಮ್ಮಿನ ನಡುವೆ ಕೂದಲೆಳೆಯಷ್ಟು ಅಂತರ ಮಾತ್ರ ಇರಬೇಕು. ಅಂತರ ಹೆಚ್ಚಿದರೆ, ಅಥವಾ ಒತ್ತಿದರೆ ಕುಗ್ಗುವ ಗಾಳಿಯ ಗುಳ್ಳೆ ಪೈಪಿನಲ್ಲಿದ್ದರೆ, ಪೆಡಲಿನ ಓಟವೆಲ್ಲ ಅದನ್ನು ತುಂಬಿಸುವುದರಲ್ಲೇ ಮುಗಿದುಹೋಗುತ್ತದೆ.

ಮೈನರ್‌ನ ಮುಂದಿನ ಒಂದೊಂದು ಚಕ್ರಕ್ಕೂ ಎರಡೆರಡು ವೀಲ್ ಸಿಲಿಂಡರ್, ಹಿಂದಿನವಕ್ಕೆ ಒಂದೊಂದು. ಇದರ ಹಿಂದೊಂದು ಯುಕ್ತಿಯಿದೆ. ಡ್ರಮ್ ತಿರುಗುವ ದಿಕ್ಕಿಗೇ ಶೂವನ್ನು ತಳ್ಳಿದರೆ, ತಿರುಗುವ ಡ್ರಮ್ಮೇ ಶೂವನ್ನು ತನ್ನತ್ತ ಎಳೆದುಕೊಂಡು ಇನ್ನಷ್ಟು ಒತ್ತಿಕೊಳ್ಳುತ್ತದೆ. ಇದು ಲೀಡಿಂಗ್ ಶೂ. ಎದುರು ದಿಕ್ಕಿಗೆ ತಳ್ಳಿದ ಶೂವನ್ನು ಡ್ರಮ್ ಆಚೆ ನೂಕುತ್ತದೆ; ಅದು ಟ್ರೈಲಿಂಗ್ ಶೂ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದು. ಅಲ್ಲಿ ಎರಡೂ ಶೂಗಳು ಲೀಡಿಂಗ್ ಆಗುವಂತೆ ಎರಡು ಸಿಲಿಂಡರ್ ಇಟ್ಟಿದ್ದಾರೆ. ಆದರೆ ಕಾರು ಹಿಮ್ಮುಖವಾಗಿ ಉರುಳಿದರೆ ಅವೆರಡೂ ಟ್ರೈಲಿಂಗ್ ಆಗಿ ಸೋಲುತ್ತವೆ. ಏರಿನಲ್ಲಿ ಹಿಂದಕ್ಕೆ ಜಾರುವ ಕಾರನ್ನು ಹಿಡಿಯುವ ಹೊಣೆ ಹಿಂದಿನ ಚಕ್ರಗಳಿಗೆ ಬೀಳುತ್ತದೆ. ಅಲ್ಲಿ ಒಂದು ಲೀಡಿಂಗ್, ಒಂದು ಟ್ರೈಲಿಂಗ್. ಕಾರು ಯಾವ ದಿಕ್ಕಿಗೆ ಉರುಳಿದರೂ ಒಂದು ಶೂ ಕೈಕೊಡುವುದಿಲ್ಲ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೇ ಕಟ್ಟಿರುವುದಕ್ಕೆ ಇದೂ ಒಂದು ಕಾರಣ. ಮುಂದಿನ ಡ್ರಮ್ಮುಗಳು ಮೊದಲು 7 ಅಂಗುಲದವು. 1962ರಲ್ಲಿ 1098 ಸಿಸಿ ಎಂಜಿನ್ ಬಂದಾಗ 8 ಅಂಗುಲಕ್ಕೆ ಹಿಗ್ಗಿದವು. ಹಿಂದಿನವು ಕೊನೆಯವರೆಗೂ 7 ಅಂಗುಲವೇ.

ಬ್ರೇಕಿನ ಕೆಲಸವೆಂದರೆ ವೇಗವನ್ನು ಬಿಸಿಯಾಗಿಸುವುದು. ಜನ ತುಂಬಿದ ಮೈನರ್ ಸುಮಾರು ಒಂದು ಟನ್ ತೂಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಿಂದ ಅದನ್ನು ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖ ಮುಕ್ಕಾಲು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಇದು ಒಂದು ಸಲ ನಿಲ್ಲಿಸಿದ್ದಕ್ಕೆ. ಆಗುಂಬೆ, ಚಾರ್ಮಾಡಿಯಂಥ ಘಾಟಿಯಲ್ಲಿ ಅದೇ ಕಾರು 500 ಮೀಟರ್ ಎತ್ತರ ಇಳಿದರೆ ಇದರ ಇಪ್ಪತ್ತು ಪಟ್ಟು ಶಕ್ತಿ ಎಲ್ಲಾದರೂ ಖರ್ಚಾಗಬೇಕು. ಕೆಳ ಗೇರಿನಲ್ಲಿ ಇಳಿದರೆ ಎಂಜಿನ್ ಒಂದಷ್ಟನ್ನು ಹೊರುತ್ತದೆ. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವವರ ಕಾರಿನಲ್ಲಿ ಎಲ್ಲವೂ ಡ್ರಮ್ಮಿನ ತಲೆಗೆ. ಕಾದ ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಕಾದ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಶಾಖ ಶೂ ಮತ್ತು ಪಿಸ್ಟನ್ ಮೂಲಕ ಆಯಿಲ್‌ಗೂ ದಾಟುತ್ತದೆ. ಹಳೆಯ ಆಯಿಲ್‌ನ ನಿಜವಾದ ಪರೀಕ್ಷೆ ಅಲ್ಲಿ.

ಮೊದಮೊದಲ ಬ್ರೇಕ್ ದ್ರವಗಳು ಹರಳೆಣ್ಣೆ ಮತ್ತು ಆಲ್ಕೊಹಾಲಿನ ಮಿಶ್ರಣ. ಈಗ ಅಂಗಡಿಯಲ್ಲಿ ಸಿಗುವ ಡಾಟ್ 3, ಡಾಟ್ 4 ದರ್ಜೆಯವು ಗ್ಲೈಕಾಲ್ ಮೂಲದವು. ಹೊಸ ಡಾಟ್ 3ರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರದ್ದು 230 ಇರಬೇಕೆಂಬುದು ನಿಯಮ. ಗ್ಲೈಕಾಲಿಗೆ ನೀರೆಂದರೆ ಪ್ರೀತಿ. ಕಾರಿನ ಆಯಿಲ್ ಡಬ್ಬಿಯ ಉಸಿರುಕಂಡಿಯಿಂದ, ರಬ್ಬರ್ ಹೋಸಿನ ಗೋಡೆಯಿಂದಲೂ ತೇವ ಒಳಗೆ ಸೇರುತ್ತದೆ. ಶೇ 3.7ರಷ್ಟು ನೀರು ಸೇರಿದಾಗ ಕುದಿಬಿಂದುವಿನ ಕನಿಷ್ಠ ಮಿತಿ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155 ಡಿಗ್ರಿ. ಘಾಟಿಯ ಮಧ್ಯದಲ್ಲಿ ಆಯಿಲ್ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆ ಎದ್ದರೆ ಪೆಡಲ್ ನೆಲ ಮುಟ್ಟುತ್ತದೆ. ತಣಿದ ಮೇಲೆ ಮತ್ತೆ ಏನೂ ಆಗಿಲ್ಲವೆಂಬಂತೆ ಗಟ್ಟಿಯಾಗುತ್ತದೆ. ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದ ಮೆಕ್ಯಾನಿಕ್‌ಗೆ ದೋಷವೇ ಸಿಗದ ದೂರು ಇದು. ಕರಾವಳಿಯ, ಮಲೆನಾಡಿನ ಮಳೆಗಾಲ ಕಳೆದ ಕಾರಿನಲ್ಲಿ ಆಯಿಲ್ ಎಷ್ಟು ನೀರು ಕುಡಿದಿರಬಹುದೆಂದು ಬೇರೆ ಹೇಳಬೇಕಿಲ್ಲ.

ಕೆಲಸ ಆರಂಭವಾಗುವುದು ಕಾರನ್ನು ಎತ್ತುವುದರಿಂದ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಬಾರದು. ನಾಲ್ಕೂ ಕಡೆ ಆಕ್ಸಲ್ ಸ್ಟ್ಯಾಂಡ್ ಇಟ್ಟು, ಕಾರನ್ನು ಅಲುಗಾಡಿಸಿ ನೋಡಿಯೇ ಚಕ್ರ ಬಿಚ್ಚಬೇಕು. ಎರಡನೆಯ ಎಚ್ಚರ ಧೂಳಿನದು. ಆ ಕಾಲದ ಲೈನರುಗಳಲ್ಲಿ ಕಲ್ನಾರು, ಅರ್ಥಾತ್ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ ತೆಗೆದ ಕೂಡಲೇ ಏರ್ ಗನ್ ಹಿಡಿದು ಧೂಳು ಊದುವುದು ನಮ್ಮ ಗ್ಯಾರೇಜುಗಳ ಹಳೆಯ ಅಭ್ಯಾಸ; ಬೇಗ ಬಿಡಬೇಕಾದ ಅಭ್ಯಾಸವೂ ಹೌದು. ಶ್ವಾಸಕೋಶಕ್ಕೆ ಹೋದ ಕಲ್ನಾರಿನ ಎಳೆ ದಶಕಗಳ ಮೇಲೆ ಕ್ಯಾನ್ಸರ್ ಆಗಿ ಎದುರಾಗಬಹುದು. ಸೋಪಿನ ನೀರು ಅಥವಾ ಬ್ರೇಕ್ ಕ್ಲೀನರ್ ಚಿಮುಕಿಸಿ ಧೂಳನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡುವುದು ಕ್ರಮ. ಮುಖಕ್ಕೆ ಒಳ್ಳೆಯ ದರ್ಜೆಯ ಮಾಸ್ಕ್ ಇರಲಿ.

ಮೈನರ್‌ನ ಡ್ರಮ್ಮನ್ನು ಹಬ್ಬಿಗೆ ಹಿಡಿದಿರುವುದು ಎರಡು ಸ್ಕ್ರೂಗಳು. ಅವನ್ನು ತೆಗೆದರೂ ಬಹುಕಾಲ ನಿಂತ ಕಾರಿನ ಡ್ರಮ್ ಸುಲಭಕ್ಕೆ ಬರುವುದಿಲ್ಲ. ಅಂಚಿನಲ್ಲಿ ಸವೆಯದೆ ಉಳಿದ ಉಬ್ಬಿಗೆ ಶೂ ತಗುಲಿಕೊಳ್ಳುತ್ತದೆ, ಇಲ್ಲವೇ ಲೈನರೇ ತುಕ್ಕಿಗೆ ಅಂಟಿರುತ್ತದೆ. ಡ್ರಮ್ಮಿನ ರಂಧ್ರದಿಂದ ಸ್ಕ್ರೂಡ್ರೈವರ್ ಹಾಕಿ ಶೂ ಅಂತರದ ಅಡ್ಜಸ್ಟರನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಮರದ ತುಂಡಿಟ್ಟು ಸುತ್ತಲೂ ಮೆಲ್ಲಗೆ ತಟ್ಟಿದರೆ ಬಿಡುತ್ತದೆ. ಎರಕದ ಕಬ್ಬಿಣದ ಅಂಚಿಗೆ ಸುತ್ತಿಗೆಯಿಂದ ನೇರ ಹೊಡೆದರೆ ಸೀಳುತ್ತದೆ. ಡ್ರಮ್ ಬಂದ ಮೇಲೆ ಏನನ್ನೂ ಮುಟ್ಟುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಬೇಕು. ಸ್ಪ್ರಿಂಗು ಶೂವಿನ ಮುಂದಿತ್ತೋ ಹಿಂದಿತ್ತೋ, ಯಾವ ತೂತಿಗೆ ಕೊಕ್ಕೆ ಇತ್ತು ಎಂಬುದು ಬಿಚ್ಚುವಾಗ ಎಲ್ಲರಿಗೂ ನೆನಪಿರುತ್ತದೆ, ಜೋಡಿಸುವಾಗ ಯಾರಿಗೂ ಇರುವುದಿಲ್ಲ. ಒಮ್ಮೆಗೆ ಒಂದೇ ಪಕ್ಕ ಬಿಚ್ಚಿದರೆ ಇನ್ನೊಂದು ಪಕ್ಕವೇ ನಕ್ಷೆಯಾಗುತ್ತದೆ. ಎಡ ಬಲ ಕನ್ನಡಿಯಂತೆ ತಿರುವುಮುರುವು ಎಂಬುದು ಗಮನದಲ್ಲಿದ್ದರೆ ಸಾಕು.

ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಎತ್ತಿದಾಗ ಒಳಗೆ ಒಣಗಿದ್ದರೆ ಒಳ್ಳೆಯದು, ಒದ್ದೆಯಿದ್ದರೆ ಕಪ್ಪು ಸೋತಿದೆ ಎಂದರ್ಥ. ಕಚ್ಚಿಕೊಂಡ ಪಿಸ್ಟನ್ನನ್ನು ಹೊರತರಲು ಕಾರಿನದೇ ಪೆಡಲ್ ಬಳಸುವುದು ಲೇಸು: ಆಯಿಲ್ ಇನ್ನೂ ಇದ್ದಾಗಲೇ ಮೆಲ್ಲಗೆ ಒತ್ತಿದರೆ ಒತ್ತಡ ಅದನ್ನು ಹೊರಗೆ ತಳ್ಳುತ್ತದೆ. ಕಂಪ್ರೆಸರ್ ಗಾಳಿ ಹಾಕಿದರೆ ಪಿಸ್ಟನ್ ಗುಂಡಿನಂತೆ ಹಾರಿ ಬೆರಳು ಮುರಿದೀತು. ಬಿಚ್ಚಿದ ಸಿಲಿಂಡರನ್ನು ಒರೆಸಿ ಬೆಳಕಿಗೆ ಹಿಡಿದು ನೋಡುವ ಹೊತ್ತೇ ಇಡೀ ಕೆಲಸದ ಮುಖ್ಯ ಗಳಿಗೆ. ತಿಳಿ ಕಂದು ಕಲೆಗಳಿದ್ದರೆ ಬ್ರೇಕ್ ಆಯಿಲ್‌ನಲ್ಲೇ ಅದ್ದಿದ ಅತಿ ನುಣುಪಿನ ಎಮರಿ ಪೇಪರಿನಿಂದ ಸುತ್ತಳತೆಯ ದಿಕ್ಕಿಗೆ ಉಜ್ಜಿದರೆ ಹೋಗುತ್ತವೆ. ಉದ್ದಕ್ಕೆ ಉಜ್ಜಬಾರದು, ಉದ್ದದ ಗೀರು ಆಯಿಲ್ ಸೋರಲು ಕಾಲುವೆಯಾಗುತ್ತದೆ. ಉಗುರಿಗೆ ತಾಗುವ ಗುಳಿಯಿದ್ದರೆ ಉಜ್ಜಿ ತೆಗೆಯುವ ಆಸೆ ಬಿಡಬೇಕು. ಹೋನಿಂಗ್ ಮಾಡಿ ಮಾಡಿ ಗುಳಿ ಹೋಗುವಷ್ಟರಲ್ಲಿ ಸಿಲಿಂಡರ್ ಅಗಲವಾಗಿ, ಹೊಸ ಕಪ್ಪು ಕೂಡ ಗೋಡೆಗೆ ಒತ್ತಿ ನಿಲ್ಲದಂತಾಗುತ್ತದೆ.

ಆಗ ಇರುವುದು ಎರಡು ದಾರಿ: ಹೊಸ ಸಿಲಿಂಡರ್, ಇಲ್ಲವೇ ಹಳೆಯದಕ್ಕೆ ಸ್ಲೀವ್. ಮೈನರ್‌ಗೆ ಇಂಗ್ಲೆಂಡಿನಲ್ಲಿ ಇಂದಿಗೂ ಹೊಸ ಸಿಲಿಂಡರುಗಳು ತಯಾರಾಗುತ್ತವೆ, ತರಿಸಬಹುದು. ಭಾಗಗಳೇ ಸಿಗದ ಅಪರೂಪದ ಕಾರಿಗೆ ಸ್ಲೀವ್ ಗತಿ. ಅನುಭವಿ ಲೇತ್ ಕೆಲಸಗಾರ ಸಿಲಿಂಡರನ್ನು ಕೊರೆದು, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ಕೊಳವೆ ಕೂರಿಸಿ, ಮೂಲ ಅಳತೆಗೆ ಮತ್ತೆ ಕೊರೆಯುತ್ತಾನೆ. ಹಾಗೆ ಮಾಡಿದ ಸಿಲಿಂಡರ್ ತುಕ್ಕು ಹಿಡಿಯದ ಕಾರಣ ಮೂಲದ್ದಕ್ಕಿಂತ ಹೆಚ್ಚು ಬಾಳುತ್ತದೆ ಎಂಬುದು ನಿಜ. ಆದರೆ ಆಯಿಲ್ ಒಳಬರುವ ಸಣ್ಣ ರಂಧ್ರವನ್ನು ಸ್ಲೀವಿನಲ್ಲೂ ಸರಿಯಾದ ಜಾಗದಲ್ಲೇ ಕೊರೆದು, ಅದರ ಅಂಚಿನ ಮುಳ್ಳು ತೆಗೆದಿರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅಂಬಾಸಿಡರ್, ಪದ್ಮಿನಿ ಕಾರುಗಳ ರಿಪೇರಿ ಕಿಟ್ಟುಗಳನ್ನು ಹುಡುಕುವವರು ಪೊಟ್ಟಣದ ಅಂದ ನೋಡಿ ಮೋಸಹೋಗಬಾರದು. ಅಂಗಡಿಯ ಕಪಾಟಿನಲ್ಲಿ ಇಪ್ಪತ್ತು ವರ್ಷ ಕುಳಿತ ರಬ್ಬರ್ ಬಳಸದಿದ್ದರೂ ಹಳೆಯದೇ. ಕಪ್ಪಿನ ತುಟಿಯನ್ನು ಬೆರಳಲ್ಲಿ ಮಡಚಿ ನೋಡಿದಾಗ ಕೂದಲ ಬಿರುಕು ಕಂಡರೆ ಅಲ್ಲೇ ವಾಪಸ್ ಕೊಡಬೇಕು.

ತೊಳೆಯುವುದರಲ್ಲಿ ಆಗುವಷ್ಟು ಅನಾಹುತ ಬೇರೆ ಯಾವ ಹಂತದಲ್ಲೂ ಆಗುವುದಿಲ್ಲ. ಗ್ಯಾರೇಜಿನಲ್ಲಿ ಏನನ್ನಾದರೂ ತೊಳೆಯಬೇಕೆಂದರೆ ಸೀಮೆಎಣ್ಣೆ, ಡೀಸೆಲ್ ಅಥವಾ ಪೆಟ್ರೋಲಿನ ತಟ್ಟೆ ಸಿದ್ಧವಿರುತ್ತದೆ. ಗೇರ್‌ಬಾಕ್ಸಿಗೆ ಅದು ಸರಿ, ಬ್ರೇಕಿನ ಒಳಭಾಗಗಳಿಗೆ ವಿಷ. ಗ್ಲೈಕಾಲ್ ಆಯಿಲ್‌ಗೆಂದೇ ಮಾಡಿದ ರಬ್ಬರ್ ಖನಿಜ ತೈಲ ಸೋಕಿದರೆ ಊದಿಕೊಂಡು ಮೆತ್ತಗಾಗುತ್ತದೆ. ಊದಿದ ಕಪ್ಪು ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಹಿಂದಿರುಗುವುದೇ ಇಲ್ಲ. ಕಪ್ಪನ್ನು ಕೂರಿಸುವಾಗ ಜಾರಲಿ ಎಂದು ಚಾಸಿಸ್ ಗ್ರೀಸ್ ಸವರಿದರೂ ಇದೇ ಗತಿ. ತೊಳೆಯಲು ಮೀಥೈಲೇಟೆಡ್ ಸ್ಪಿರಿಟ್, ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಹೊಸ ಬ್ರೇಕ್ ಆಯಿಲ್. ಸವರಲು ಬ್ರೇಕ್ ಆಯಿಲ್ ಅಥವಾ ಹರಳೆಣ್ಣೆ ಮೂಲದ ಕೆಂಪು ರಬ್ಬರ್ ಗ್ರೀಸ್. ಈ ಪಟ್ಟಿಯ ಹೊರಗಿನದೇನೂ ಬೇಡ. ಹತ್ತಿಯ ಎಳೆ ಉದುರಿಸುವ ವೇಸ್ಟ್ ಬಟ್ಟೆಯೂ ಬೇಡ; ಒಂದು ಎಳೆ ಕಪ್ಪಿನ ತುಟಿಯಡಿ ಸಿಕ್ಕರೆ ಸಾಕು, ಸೋರಿಕೆ ಶುರು. ಬ್ರೇಕ್ ಆಯಿಲ್ ಚೆಲ್ಲಿದಲ್ಲಿ ಪೇಂಟ್ ಎದ್ದು ಬರುತ್ತದೆ, ಆದ್ದರಿಂದ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು.

ಮಾಸ್ಟರ್ ಸಿಲಿಂಡರ್ ಇರುವ ಜಾಗ ಮೈನರ್‌ನ ಕುಖ್ಯಾತಿ. ಬಾನೆಟ್ ಎತ್ತಿ ಹುಡುಕಿದವರಿಗೆ ಅದು ಸಿಗುವುದಿಲ್ಲ. ಚಾಲಕನ ಕಾಲಡಿಯ ನೆಲದ ಕೆಳಗೆ, ಚಾಸಿಸ್ ತೊಲೆಯ ಒಳಗೆ ಅಡಗಿ ಕುಳಿತಿದೆ. ಆಯಿಲ್ ಮಟ್ಟ ನೋಡಬೇಕಾದರೆ ಕಾರ್ಪೆಟ್ ಎತ್ತಿ, ನೆಲದ ಮುಚ್ಚಳ ತೆಗೆಯಬೇಕು. ಇದರಿಂದಾಗಿ ಬಹುಪಾಲು ಮಾಲೀಕರು ನೋಡುವುದೇ ಇಲ್ಲ. ಇನ್ನೊಂದು ಕಷ್ಟ, ಸಿಲಿಂಡರನ್ನು ಹಿಡಿದ ಬೋಲ್ಟುಗಳು ಪಕ್ಕಕ್ಕೆ ಬರದಂತೆ ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ ಅಡ್ಡ ನಿಂತಿದೆ. ಸರಿಯಾದ ದಾರಿ ಟಾರ್ಷನ್ ಬಾರಿನ ಬಿಗಿ ಇಳಿಸಿ ಸರಿಸುವುದು. ಬಿಗಿದ ಟಾರ್ಷನ್ ಬಾರಿನಲ್ಲಿ ಕಾರಿನ ಭಾರ ಹೊರುವ ಶಕ್ತಿ ಅಡಗಿರುತ್ತದೆ, ಆತುರ ಸಲ್ಲದು. ಮುಂದಿನ ಸಲಕ್ಕೆ ಅನುಕೂಲವಾಗಲೆಂದು ಬೋಲ್ಟುಗಳನ್ನು ಎದುರು ಬದಿಯಿಂದ ಹಾಕಿಕೊಳ್ಳುವ ಉಪಾಯವನ್ನು ಮೈನರ್ ಬಲ್ಲವರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ.

ಹೊರಬಂದ ಮಾಸ್ಟರ್ ಸಿಲಿಂಡರಿನಲ್ಲಿ ಸರ್ಕ್ಲಿಪ್ ತೆಗೆದರೆ ಪಿಸ್ಟನ್, ತೆಳು ವಾಷರ್, ಮುಖ್ಯ ಕಪ್ಪು, ಸ್ಪ್ರಿಂಗ್, ತುದಿಯಲ್ಲಿ ಚೆಕ್ ವಾಲ್ವ್ ಒಂದರ ಹಿಂದೊಂದು ಬರುತ್ತವೆ. ಚೆಕ್ ವಾಲ್ವ್ ಪೈಪುಗಳಲ್ಲಿ ಸದಾ ಸ್ವಲ್ಪ ಒತ್ತಡ ಉಳಿಸಿ, ವೀಲ್ ಸಿಲಿಂಡರಿನ ಕಪ್ಪುಗಳ ತುಟಿ ಗೋಡೆಗೆ ಅಂಟಿರುವಂತೆ ನೋಡಿಕೊಳ್ಳುತ್ತದೆ. ಇದಕ್ಕಿಂತ ಮುಖ್ಯವಾದದ್ದು ಸೂಜಿ ತೂರುವಷ್ಟೇ ಅಗಲದ ಒಂದು ರಂಧ್ರ, ಬೈಪಾಸ್ ಪೋರ್ಟ್. ಪೆಡಲ್ ಬಿಟ್ಟಾಗ ಕಪ್ಪು ಈ ರಂಧ್ರದ ಹಿಂದಕ್ಕೆ ಸರಿದು, ಪೈಪಿನ ಆಯಿಲ್‌ಗೂ ಮೇಲಿನ ಡಬ್ಬಿಗೂ ಸಂಪರ್ಕ ತೆರೆಯುತ್ತದೆ. ಬಿಸಿಯಾಗಿ ಹಿಗ್ಗಿದ ಆಯಿಲ್ ಅಲ್ಲಿಂದ ಮೇಲೇರುತ್ತದೆ. ರಂಧ್ರ ಕೆಸರಿನಿಂದ ಕಟ್ಟಿದ್ದರೆ, ಅಥವಾ ತಳ್ಳುಸರಳಿಗೂ ಪಿಸ್ಟನ್ನಿಗೂ ನಡುವೆ ಸಡಿಲವೇ ಇಲ್ಲದೆ ಕಪ್ಪು ರಂಧ್ರದ ಮೇಲೇ ನಿಂತಿದ್ದರೆ, ಹಿಗ್ಗಿದ ಆಯಿಲ್‌ಗೆ ಹೋಗಲು ಜಾಗವಿಲ್ಲ. ಅದು ಶೂಗಳನ್ನು ತಳ್ಳುತ್ತದೆ, ಶೂ ಉಜ್ಜಿ ಡ್ರಮ್ ಇನ್ನಷ್ಟು ಕಾಯುತ್ತದೆ, ಆಯಿಲ್ ಇನ್ನಷ್ಟು ಹಿಗ್ಗುತ್ತದೆ. ಕೆಲವು ಮೈಲಿ ಓಡಿದ ಮೇಲೆ ಬ್ರೇಕುಗಳು ತಾವಾಗಿಯೇ ಹಿಡಿದುಕೊಂಡು ಕಾರು ನಿಂತುಬಿಡುತ್ತದೆ. ಪೆಡಲಿನಲ್ಲಿ ಮೊದಲು ತುಸು ಸಡಿಲ ಇರಲೇಬೇಕು ಎನ್ನುವುದು ಇದಕ್ಕೇ. ಆ ಸಡಿಲವನ್ನು ದೋಷವೆಂದು ತಿಳಿದು ಬಿಗಿಮಾಡುವ ಮೆಕ್ಯಾನಿಕ್‌ಗಳು ಇಲ್ಲದಿಲ್ಲ.

ರಬ್ಬರ್ ಹೋಸುಗಳು ಮೂರು: ಮುಂದಿನ ಚಕ್ರಗಳಿಗೆ ಎರಡು, ಬಾಡಿಯಿಂದ ಹಿಂದಿನ ಆಕ್ಸಲ್‌ಗೆ ಒಂದು. ಹಳೆಯವನ್ನು ಪರೀಕ್ಷಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ, ಮೂರನ್ನೂ ಬದಲಿಸುವುದು ಜಾಣತನ. ಒಳಪದರ ಸುಲಿದ ಹೋಸ್ ಒಮ್ಮುಖ ವಾಲ್ವಿನಂತಾಗಿ, ಕಾಲಿನ ಬಲದಿಂದ ಹೋದ ಆಯಿಲ್ ಹಿಂದಕ್ಕೆ ಬರದೆ ಒಂದೇ ಚಕ್ರ ಹಿಡಿದುಕೊಳ್ಳುತ್ತದೆ. ವೀಲ್ ಸಿಲಿಂಡರನ್ನು ಎರಡೆರಡು ಸಲ ಬಿಚ್ಚಿದರೂ ಗುಣವಾಗದ ದೂರಿನ ಮೂಲ ಎಷ್ಟೋ ಸಲ ಇಲ್ಲಿರುತ್ತದೆ. ಬಿಚ್ಚುವಾಗ ಹೋಸನ್ನು ತಿರುಚಬಾರದು. ಮೊದಲು ಲೋಹದ ಪೈಪಿನ ನಟ್ಟು, ಆಮೇಲೆ ಬ್ರಾಕೆಟ್ಟಿನ ನಟ್ಟು, ಕೊನೆಗೆ ಸಿಲಿಂಡರಿನ ತುದಿ. ಲೋಹದ ಪೈಪುಗಳ ಹೊರಮೈಯಲ್ಲಿ ತುಕ್ಕಿನ ಗುಳಿ ಕಂಡರೆ ಅವೂ ಹೋಗಬೇಕು. 3/16 ಅಂಗುಲದ ಉಕ್ಕಿನ ಪೈಪಿನ ಜಾಗಕ್ಕೆ ಶೇ 90 ತಾಮ್ರ, ಶೇ 10 ನಿಕ್ಕಲ್ ಬೆರೆತ ಪೈಪ್ ಹಾಕಿದರೆ ಬಾಗಿಸಲೂ ಸುಲಭ, ತುಕ್ಕೂ ಇಲ್ಲ. ತುದಿಯ ಹೂ ಅರಳಿಸುವಾಗ ಹಳೆಯ ಪೈಪಿನ ತುದಿ ಯಾವ ಆಕಾರದಲ್ಲಿತ್ತೋ ಅದೇ ಆಕಾರ ಬರಬೇಕು. ಮಾದರಿಗೆಂದು ಹಳೆಯ ತುಂಡುಗಳನ್ನು ಕೆಲಸ ಮುಗಿಯುವವರೆಗೂ ಎಸೆಯದಿರುವುದು ಒಳ್ಳೆಯದು. ತಾಮ್ರದ ವಾಷರುಗಳಂತೂ ಪ್ರತಿ ಸಲವೂ ಹೊಸತು.

ಲೈನರ್ ದಪ್ಪವಿದ್ದ ಮಾತ್ರಕ್ಕೆ ಚೆನ್ನಾಗಿದೆ ಎನ್ನಲಾಗದು. ಹಿಂದಿನ ಹಬ್ಬಿನ ಆಯಿಲ್ ಸೀಲ್ ಸೋತು ಗೇರ್ ಆಯಿಲ್ ಹೀರಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗಿಟ್ಟು ಮತ್ತೆ ಹಾಕುವುದುಂಟು. ಮೊದಲ ಬಿಸಿಗೇ ಆಯಿಲ್ ಮೇಲೆ ಉಕ್ಕುತ್ತದೆ. ಸೀಲ್ ಮೊದಲು ಸರಿಮಾಡಿ, ಲೈನರನ್ನು ಎರಡೂ ಪಕ್ಕ ಒಟ್ಟಿಗೆ ಬದಲಿಸಬೇಕು. ಒಂದೇ ಪಕ್ಕ ಬದಲಿಸಿದರೆ ಕಾರು ಓರೆಯಾಗಿ ಎಳೆಯುತ್ತದೆ. ಡ್ರಮ್ಮಿನಲ್ಲಿ ಗೀರುಗಳಿದ್ದರೆ ಲೇತಿನಲ್ಲಿ ತೆಳುವಾಗಿ ತುರಿಸಬಹುದು, ಆದರೆ ತುರಿದಷ್ಟೂ ಡ್ರಮ್ ತೆಳುವಾಗಿ ಬೇಗ ಕಾಯುತ್ತದೆ, ಜೊತೆಗೆ ಹೊಸ ಶೂವಿನ ಬಾಗು ಅದಕ್ಕೆ ಹೊಂದುವುದಿಲ್ಲ. ಲೈನರಿಗೆ ಸೀಮೆಸುಣ್ಣ ಬಳಿದು ಡ್ರಮ್ ತಿರುಗಿಸಿ ನೋಡಿದರೆ ಎಲ್ಲಿ ತಾಗುತ್ತಿದೆ ಎಂಬುದು ತಿಳಿಯುತ್ತದೆ. ತುದಿಗಳು ಮಾತ್ರ ತಾಗುತ್ತಿದ್ದರೆ ಬ್ರೇಕ್ ಕಿರುಚುತ್ತದೆ.

ಜೋಡಣೆಯಲ್ಲಿ ಹೆಚ್ಚು ಹೇಳುವಂಥದ್ದಿಲ್ಲ, ಕೈ ಶುದ್ಧವಿದ್ದರೆ ಸಾಕು. ಕಪ್ಪಿನ ತುಟಿ ಆಯಿಲ್ ಇರುವ ಕಡೆಗೆ ಮುಖಮಾಡಿರಬೇಕು. ತಿರುಗುಮುರುಗಾದರೆ ಒತ್ತಡವೇ ಹುಟ್ಟದು. ಹಿಂದಿನ ಸಿಲಿಂಡರ್ ಬ್ಯಾಕ್ ಪ್ಲೇಟಿನ ಸೀಳಿನಲ್ಲಿ ಅತ್ತಿತ್ತ ಸರಿಯುವಂಥದ್ದು. ಅದರ ಪಿಸ್ಟನ್ ಒಂದು ಶೂವನ್ನು ತಳ್ಳಿದರೆ, ಸಿಲಿಂಡರೇ ಹಿಂದೆ ಸರಿದು ಇನ್ನೊಂದನ್ನು ತಳ್ಳುತ್ತದೆ. ಅಲ್ಲಿ ತುಕ್ಕು, ಪೇಂಟು ಸೇರಿ ಕಚ್ಚಿಕೊಂಡರೆ ಅರ್ಧ ಬ್ರೇಕೇ ಕೆಲಸ ಮಾಡುತ್ತದೆ, ಹ್ಯಾಂಡ್‌ಬ್ರೇಕೂ ಸೋಲುತ್ತದೆ. ಎಲ್ಲ ಕೂರಿಸಿದ ಮೇಲೆ ಮೈಕ್ರಾಮ್ ಅಡ್ಜಸ್ಟರುಗಳನ್ನು ಚಕ್ರ ಬಿಗಿಯುವವರೆಗೆ ತಿರುಗಿಸಿ, ಒಂದು ಹಲ್ಲು ಹಿಂದಕ್ಕೆ ಬಿಡಬೇಕು. ಮುಂದಿನ ಚಕ್ರಕ್ಕೆ ಎರಡೆರಡು ಅಡ್ಜಸ್ಟರು, ಹಿಂದಿನದಕ್ಕೆ ಒಂದೊಂದು.

ಗಾಳಿ ತೆಗೆಯುವುದು ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭ. ಬಲಗಡೆ ಸ್ಟೀರಿಂಗ್ ಇರುವ ಮೈನರ್‌ನಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂಬ ಕ್ರಮ. ಬ್ಲೀಡಿಂಗ್ ನಿಪ್ಪಲ್ಲಿಗೆ ಪಾರದರ್ಶಕ ಕೊಳವೆ ಹಾಕಿ, ಇನ್ನೊಂದು ತುದಿಯನ್ನು ಆಯಿಲ್ ಇರುವ ಸೀಸೆಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲನ್ನು ನಿಧಾನ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ತೆರೆದು ಮುಚ್ಚುತ್ತಾರೆ. ಮುಚ್ಚಿದ ಮೇಲೆಯೇ ಪೆಡಲ್ ಬಿಡುವುದು. ನಡುವೆ ಡಬ್ಬಿ ಬರಿದಾದರೆ ಮೊದಲಿನಿಂದ ಆರಂಭಿಸಬೇಕು. ಮೈನರ್‌ನಲ್ಲಿ ಅದಕ್ಕಾಗಿ ಮತ್ತೆ ಮತ್ತೆ ಕಾರ್ಪೆಟ್ ಎತ್ತುವ ವ್ಯಾಯಾಮವೂ ಸೇರುತ್ತದೆ. ಸೀಸೆಗೆ ಬಂದ ಆಯಿಲನ್ನು ಸೋಸಿ ಮರಳಿ ಸುರಿಯುವ ಮಿತವ್ಯಯ ಇಲ್ಲಿ ಬೇಡ.

ಮುಗಿದ ಮೇಲೆ ಪೆಡಲೇ ಮಾತಾಡುತ್ತದೆ. ಸ್ಪಂಜಿನಂತಿದ್ದರೆ ಗಾಳಿ ಉಳಿದಿದೆ. ಮೊದಲ ಒತ್ತಿಗೆ ತಗ್ಗಿ, ಎರಡನೆಯದಕ್ಕೆ ಮೇಲೆ ಬಂದು ಗಟ್ಟಿಯಾದರೆ ಶೂಗಳ ಅಂತರ ಹೆಚ್ಚಿದೆ. ಒತ್ತಿ ಹಿಡಿದಂತೆಯೇ ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ. ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಸೋರಿಕೆ ಮಾಸ್ಟರ್ ಸಿಲಿಂಡರಿನ ಮುಖ್ಯ ಕಪ್ಪನ್ನು ದಾಟಿ ನಡೆದಿದೆ. ಬಲವಾಗಿ ಒತ್ತಿ ಕೆಲವು ನಿಮಿಷ ಹಿಡಿದು, ಪ್ರತಿ ಕೂಡುಗಂಟನ್ನೂ ಒಣ ಕಾಗದದಿಂದ ಒರೆಸಿ ನೋಡದೆ ಕಾರನ್ನು ನೆಲಕ್ಕೆ ಇಳಿಸಬಾರದು. ಮೊದಲ ಓಡಾಟ ಖಾಲಿ ಸಮತಟ್ಟು ಜಾಗದಲ್ಲಿ, ನಡಿಗೆಯ ವೇಗದಲ್ಲಿ.

ಸಿಲಿಕೋನ್ ಮೂಲದ ಡಾಟ್ 5 ಆಯಿಲ್ ಬಗ್ಗೆ ಹಳೆ ಕಾರಿನವರಲ್ಲಿ ವಾದ ಮುಗಿಯುವಂತಿಲ್ಲ. ಅದು ನೀರು ಹೀರುವುದಿಲ್ಲ, ಪೇಂಟ್ ತಿನ್ನುವುದಿಲ್ಲ. ವರ್ಷಕ್ಕೆರಡು ಸಲ ಹೊರಬರುವ ಪ್ರದರ್ಶನದ ಕಾರಿಗೆ ಹೇಳಿಮಾಡಿಸಿದಂತಿದೆ. ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹದಲ್ಲಿರುವಂಥ, ಹೆಚ್ಚಾಗಿ ನಿಂತೇ ಇರುವ ಕಾರುಗಳ ವಿಷಯದಲ್ಲಿ ಈ ವಾದಕ್ಕೆ ತೂಕವೂ ಇದೆ. ಆದರೆ ಅದು ಗ್ಲೈಕಾಲಿನ ಜೊತೆ ಬೆರೆಯುವುದಿಲ್ಲ. ಹಳೆಯದರ ಹನಿಯೂ ಉಳಿಯದಂತೆ ತೊಳೆದು, ಸೀಲುಗಳನ್ನೆಲ್ಲ ಬದಲಿಸಿದ ಮೇಲೆಯೇ ಹಾಕಬೇಕು. ಒಳಗೆ ಹೇಗೋ ಸೇರಿದ ನೀರು ಆಯಿಲ್‌ನಲ್ಲಿ ಕರಗದೆ ತಗ್ಗಿನಲ್ಲಿ ಒಂದೇ ಕಡೆ ನಿಂತು ಅಲ್ಲೇ ತುಕ್ಕು ಹಿಡಿಸುತ್ತದೆ. ಪೆಡಲ್ ತುಸು ಮೆತ್ತಗಿರುತ್ತದೆ, ಆಯಿಲ್ ಒತ್ತಡದಿಂದ ಕೆಲಸಮಾಡುವ ಮೈನರ್‌ನ ಬ್ರೇಕ್ ಲೈಟ್ ಸ್ವಿಚ್ ಕೆಡುವುದೂ ಉಂಟು. ಓಡಿಸುವ ಕಾರಿಗೆ ಡಾಟ್ 4 ಹಾಕಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದೇ ಮೇಲು. ಡಾಟ್ 5.1 ಹೆಸರಿನಲ್ಲಿ ಹತ್ತಿರವಿದ್ದರೂ ಗ್ಲೈಕಾಲ್ ಜಾತಿಯದು, ಡಾಟ್ 5ರ ನೆಂಟನಲ್ಲ.

ಮೂಲ ಬ್ರೇಕು ಇಂದಿನ ಸಂಚಾರಕ್ಕೆ ಸಾಕೇ ಎಂಬ ಪ್ರಶ್ನೆಗೆ ಮೈನರ್ ಮಾಲೀಕರು ಬೇರೆಬೇರೆ ಉತ್ತರ ಕಂಡುಕೊಂಡಿದ್ದಾರೆ. ಇದೇ ಕುಟುಂಬದ ರೈಲಿ 1.5 ಕಾರಿನ ದೊಡ್ಡ ಡ್ರಮ್ಮುಗಳು ಅದಕ್ಕೆ ಹೊಂದುತ್ತವೆ. ಮುಂದೆ ಬಂದ ಮಾರಿಸ್ ಮರೀನಾದ ಡಿಸ್ಕ್ ಬ್ರೇಕುಗಳನ್ನು ಅಳವಡಿಸುವುದೂ ವಾಡಿಕೆ. ಆದರೆ ಮೂಲ ಬ್ರೇಕಿನ ದೊಡ್ಡ ಕೊರತೆ ಒಂದೇ ಆಯಿಲ್ ದಾರಿ ಇರುವುದು. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ, ಉಳಿಯುವುದು ಕೇಬಲ್ಲಿನ ಹ್ಯಾಂಡ್‌ಬ್ರೇಕ್ ಮಾತ್ರ. ಮುಂದಕ್ಕೂ ಹಿಂದಕ್ಕೂ ಬೇರೆ ದಾರಿ ಕೊಡುವ ಜೋಡಿ ಮಾಸ್ಟರ್ ಸಿಲಿಂಡರ್ ಹಾಕಿಸುವುದು ಡಿಸ್ಕಿಗಿಂತ ಮೊದಲು ಯೋಚಿಸಬೇಕಾದ ಬದಲಾವಣೆ. ಅದಿಲ್ಲದ ಕಾರಿನಲ್ಲಿ ಹ್ಯಾಂಡ್‌ಬ್ರೇಕಿನ ಎರಡೂ ಕೇಬಲ್ ಸಮನಾಗಿ ಎಳೆಯುತ್ತಿವೆಯೇ ಎಂದು ನೋಡುವುದು ಬರೀ ನಿಲುಗಡೆಯ ಮಾತಲ್ಲ.

ಹೊಸ ಲೈನರ್ ಡ್ರಮ್ಮಿಗೆ ಪೂರ್ತಿ ಕೂರಲು ಕೆಲವು ನೂರು ಕಿಲೋಮೀಟರ್ ಬೇಕು. ಅಲ್ಲಿಯವರೆಗೆ ಜೋರಾಗಿ ಬ್ರೇಕ್ ಹೊಡೆಯದೆ, ನಡುನಡುವೆ ತಣಿಯಲು ಬಿಟ್ಟು ಓಡಿಸಬೇಕು. ಆಮೇಲೆ ಅಡ್ಜಸ್ಟರುಗಳನ್ನು ಇನ್ನೊಮ್ಮೆ ತಿರುಗಿಸಬೇಕು. ಮತ್ತೆ ದೀರ್ಘಕಾಲ ನಿಲ್ಲಿಸುವ ಕಾರಾದರೆ ಹ್ಯಾಂಡ್‌ಬ್ರೇಕ್ ಬಿಟ್ಟು, ಚಕ್ರಕ್ಕೆ ಮರದ ಅಡ್ಡೆ ಕೊಡುವುದು ಲೇಸು, ಇಲ್ಲವಾದರೆ ಶೂ ಡ್ರಮ್ಮಿಗೆ ಅಂಟುತ್ತದೆ. ತಿಂಗಳಿಗೆ ಒಂದೆರಡು ದಿನ ಹತ್ತಿಪ್ಪತ್ತು ಸಲ ಪೆಡಲ್ ಒತ್ತಿದರೆ ಪಿಸ್ಟನ್ನುಗಳು ಒಂದೇ ಜಾಗದಲ್ಲಿ ಕಚ್ಚಿಕೊಳ್ಳುವುದಿಲ್ಲ. ಮೈಲಿ ಓಟ ಎಷ್ಟೇ ಕಡಿಮೆಯಿರಲಿ, ಆಯಿಲ್ ಬದಲಿಸುವ ಎರಡು ವರ್ಷದ ಲೆಕ್ಕ ನಿಂತ ಕಾರಿಗೂ ಅದೇ.